ಅಳತೆಗೋಲು ಮತ್ತು ಬೆಟ್ಟದ ದನಿ: ಎಡ್ಗರ್ ಥರ್ಸ್ಟನ್ ಅವರ ಬದುಕು

ದಕ್ಷಿಣ ಭಾರತದ ಸಮುದಾಯಗಳನ್ನು ಕುರಿತ ಕನ್ನಡದ ಸಂಶೋಧನ ಪ್ರಬಂಧಗಳಲ್ಲಿ ಬಹುಮಟ್ಟಿಗೆ ಮೊದಲ ಅಧ್ಯಾಯದಲ್ಲಿಯೇ ಎದುರಾಗುವ ಹೆಸರು ಎಡ್ಗರ್ ಥರ್ಸ್ಟನ್ ಅವರದು. 1909ರಲ್ಲಿ ಮದರಾಸಿನ ಸರ್ಕಾರಿ ಮುದ್ರಣಾಲಯದಿಂದ ಹೊರಬಂದ ಅವರ ಏಳು ಸಂಪುಟಗಳ ಕಾಸ್ಟ್ಸ್ ಅಂಡ್ ಟ್ರೈಬ್ಸ್ ಆಫ್ ಸದರ್ನ್ ಇಂಡಿಯಾ ಕೃತಿಯು ಕುಲಶಾಸ್ತ್ರೀಯ ಅಧ್ಯಯನಗಳಿಗೆ ಒಂದು ಬಗೆಯ ನಿಘಂಟಿನಂತೆ ಒದಗಿಬಂದಿದೆ. ಬೇಕಾದ ಸಮುದಾಯದ ಹೆಸರನ್ನು ಅಕ್ಷರಾನುಕ್ರಮದಲ್ಲಿ ಹುಡುಕಿ, ಅಲ್ಲಿರುವುದನ್ನು ಎತ್ತಿಕೊಂಡು ಮುಂದಕ್ಕೆ ಸಾಗುವುದು ರೂಢಿಯಾಗಿದೆ. ಆದರೆ ಈ ಕೃತಿಯ ಕರ್ತೃವು ವೃತ್ತಿಯಿಂದ ಒಬ್ಬ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದರೆಂಬ ಸಂಗತಿಗೆ ಸಲ್ಲಬೇಕಾದ ಗಮನ ಸಂದಿಲ್ಲ. ಆ ಏಳು ಸಂಪುಟಗಳ ವಿನ್ಯಾಸವನ್ನೂ ಅವುಗಳ ಮಿತಿಯನ್ನೂ ಅರಿಯಬೇಕಾದರೆ ಅವುಗಳ ಹಿಂದಿರುವ ವಸ್ತುಸಂಗ್ರಹಾಲಯವನ್ನೂ ಅದನ್ನು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆಸಿದ ವ್ಯಕ್ತಿಯ ಬದುಕನ್ನೂ ನೋಡಬೇಕಾಗುತ್ತದೆ.

1855ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಥರ್ಸ್ಟನ್ ಈಟನ್ ಶಾಲೆಯಲ್ಲಿ ಓದಿ, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿದರು. ಅದೇ ಕಾಲೇಜಿನ ವಸ್ತುಸಂಗ್ರಹಾಲಯದ ಪಾಲಕರಾಗಿಯೂ ಕೆಲಸ ಮಾಡಿದರು. ಅಂಗರಚನಾಶಾಸ್ತ್ರವು ಅವರಿಗೆ ಪರಿಚಿತ ಕ್ಷೇತ್ರವಾಗಿತ್ತು. ರೋಗಿಗಳ ಚಿಕಿತ್ಸೆಗಿಂತ ವಸ್ತುಗಳ ವರ್ಗೀಕರಣವೇ ಅವರ ಮನೋಧರ್ಮಕ್ಕೆ ಒಗ್ಗಿದಂತೆ ತೋರುತ್ತದೆ. 1885ರಲ್ಲಿ ಮದರಾಸು ಸರ್ಕಾರಿ ವಸ್ತುಸಂಗ್ರಹಾಲಯದ ಅಧೀಕ್ಷಕರಾಗಿ ಅವರು ಭಾರತಕ್ಕೆ ಬಂದಾಗ ಮೂವತ್ತು ವರ್ಷದವರು.

ಅವರು ವಹಿಸಿಕೊಂಡ ಸಂಸ್ಥೆಯು 1851ರಲ್ಲಿ ಎಡ್ವರ್ಡ್ ಬಾಲ್ಫೋರ್ ಎಂಬ ಸೇನಾವೈದ್ಯರ ಆಸಕ್ತಿಯಿಂದ ಆರಂಭವಾಗಿತ್ತು. 1865ರಲ್ಲಿ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸ್ಥಾಪನೆಗೂ ಕಾರಣರಾದವರು ಇದೇ ಬಾಲ್ಫೋರ್. ಹೀಗಾಗಿ ಮದರಾಸಿನ ಸಂಸ್ಥೆಯನ್ನು ಬೆಂಗಳೂರಿನ ಸಂಸ್ಥೆಗೆ ಅಕ್ಕನೆನ್ನಬಹುದು. ಥರ್ಸ್ಟನ್ ಬಂದ ಕಾಲಕ್ಕೆ ಮದರಾಸಿನ ಸಂಗ್ರಹದಲ್ಲಿ ಪ್ರಾಣಿಗಳು, ಶಿಲೆಗಳು, ನಾಣ್ಯಗಳು, ಅಮರಾವತಿಯ ಶಿಲ್ಪಗಳು ಎಲ್ಲವೂ ಇದ್ದವು. ಮೊದಲ ಹತ್ತು ವರ್ಷಗಳ ಮಟ್ಟಿಗೆ ಅವರ ಶ್ರಮವು ಮುಖ್ಯವಾಗಿ ನಾಣ್ಯಗಳ ಸೂಚಿಗಳಿಗೂ ಮನ್ನಾರ್ ಕೊಲ್ಲಿಯ ಜಲಚರಗಳಿಗೂ ಮುತ್ತು ಮತ್ತು ಶಂಖಗಳ ಉದ್ಯಮಕ್ಕೂ ಮೀಸಲಾಯಿತು. ಸಂಗ್ರಹಾಲಯದ ವತಿಯಿಂದ ಅವರು ಪ್ರಕಟಿಸತೊಡಗಿದ ಬುಲೆಟಿನ್ನುಗಳಲ್ಲಿ ಮೊದಲನೆಯದರ ವಸ್ತುವೂ ಇದೇ ಆಗಿತ್ತು. ಕಡಲಿನ ಜೀವಿಗಳಿಂದ ಬೆಟ್ಟದ ಮನುಷ್ಯರ ಕಡೆಗೆ ಅವರ ದೃಷ್ಟಿ ಹೊರಳಿದ್ದು 1894ರಲ್ಲಿ.

ಆ ವರ್ಷ ಬಂಗಾಳದ ಏಷ್ಯಾಟಿಕ್ ಸೊಸೈಟಿಯಿಂದ ಮಾನವಮಿತಿಯ ಉಪಕರಣಗಳನ್ನು ಎರವಲು ತರಿಸಿಕೊಂಡು ಥರ್ಸ್ಟನ್ ನೀಲಗಿರಿಗೆ ಹೊರಟರು. ತೊದವರು, ಕೋತರು, ಬಡಗರು ಅವರ ಮೊದಲ ಅಧ್ಯಯನದ ಸಮುದಾಯಗಳು. ಮದರಾಸಿನಲ್ಲಿ ಬಿಸಿಲು ನೂರು ಡಿಗ್ರಿ ಮುಟ್ಟಿದಾಗ ಎತ್ತರದ ಪ್ರದೇಶಗಳಲ್ಲಿ ಮಾನವಶಾಸ್ತ್ರದ ಅಗತ್ಯ ಹೆಚ್ಚಾಗುತ್ತದೆಯೆಂದು ಸಹೋದ್ಯೋಗಿಗಳ ವಲಯದಲ್ಲಿ ಹಾಸ್ಯ ಹುಟ್ಟಿಕೊಂಡಿತು. ಇದನ್ನು ಥರ್ಸ್ಟನ್ನರೇ ಮುಂದೆ ತಮ್ಮ ಮುನ್ನುಡಿಯಲ್ಲಿ ನಗುತ್ತ ದಾಖಲಿಸಿದ್ದಾರೆ. ಹಾಸ್ಯವೇನೇ ಇರಲಿ, ಅಲ್ಲಿಂದ ಮುಂದೆ ಈ ಕೆಲಸ ನಿಲ್ಲಲಿಲ್ಲ. 1896ರ ಬುಲೆಟಿನ್ನಿನಲ್ಲಿ ತೊದವರು ಮತ್ತು ಕೋತರು, 1897ರದರಲ್ಲಿ ನೀಲಗಿರಿಯ ಬಡಗರು, ಇರುಳರು ಮತ್ತು ಮಲಬಾರಿನ ಪಣಿಯರು, 1899ರದರಲ್ಲಿ ಆನೆಮಲೆಯ ಕಾಡರು, ಶೇರ್ವರಾಯನ ಬೆಟ್ಟಗಳ ಮಲೆಯಾಳಿಗಳು ಹೀಗೆ ಬೆಟ್ಟಸಾಲಿನಿಂದ ಬೆಟ್ಟಸಾಲಿಗೆ ಅವರ ಅಳತೆಗೋಲು ಸಾಗಿತು. ಸಂಗ್ರಹಾಲಯದಲ್ಲಿ ಮಾನವಶಾಸ್ತ್ರದ ಒಂದು ಪ್ರಯೋಗಾಲಯವೇ ತಲೆಯೆತ್ತಿತು.

ಅಳತೆಯೆಂದರೆ ದೇಹದ ಅಳತೆ. ಆಳೆತ್ತರ, ತಲೆಯ ಉದ್ದ ಮತ್ತು ಅಗಲ, ಮೂಗಿನ ಉದ್ದ ಮತ್ತು ಅಗಲ ಇತ್ಯಾದಿ. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ದೊರೆಯುವ ಸಂಖ್ಯೆಗೆ ನಾಸಿಕ ಸೂಚ್ಯಂಕವೆಂದು ಹೆಸರು. ಉತ್ತರದಲ್ಲಿ ಹರ್ಬರ್ಟ್ ರಿಸ್ಲೆಯವರು ಈ ಸಂಖ್ಯೆಯನ್ನೇ ಆಧರಿಸಿ ಮೂಗು ಅಗಲವಾದಷ್ಟೂ ಸಾಮಾಜಿಕ ಸ್ಥಾನ ಕೆಳಗಿಳಿಯುತ್ತದೆಂಬ ವಾದವನ್ನು ಮಂಡಿಸಿದ್ದರು. ಥರ್ಸ್ಟನ್ ಆ ಚೌಕಟ್ಟನ್ನು ದಕ್ಷಿಣಕ್ಕೆ ತಂದು, ಕುಳ್ಳಗಿನ, ಅಗಲಮೂಗಿನ ಕಾಡುವಾಸಿಗಳನ್ನು ದ್ರಾವಿಡಪೂರ್ವ ಜನವೆಂದು ಬೇರ್ಪಡಿಸಿದರು. ಮೂಗಿನ ಅಳತೆಯಿಂದ ಜನಾಂಗಗಳನ್ನು ವಿಂಗಡಿಸುವ ಈ ವಿಧಾನವನ್ನು ವಿಜ್ಞಾನವು ಕೈಬಿಟ್ಟು ಬಹುಕಾಲವಾಗಿದೆ. ಆದರೆ ಅದರ ಆಧಾರದ ಮೇಲೆ ರೂಪುಗೊಂಡ ವಿಂಗಡಣೆಯ ಶೀರ್ಷಿಕೆಗಳು ಅಷ್ಟು ಸುಲಭವಾಗಿ ಹೋಗಲಿಲ್ಲ.

ಅಳತೆಗೆ ಒಳಗಾದವರು ಈ ವಿದ್ಯಮಾನವನ್ನು ಹೇಗೆ ಅರ್ಥಮಾಡಿಕೊಂಡರೆಂಬುದಕ್ಕೆ ಥರ್ಸ್ಟನ್ನರ ಬರವಣಿಗೆಯೇ ಸಾಕ್ಷ್ಯವನ್ನು ಒದಗಿಸುತ್ತದೆ. ವಯನಾಡಿನ ಪಣಿಯ ಹೆಂಗಸರು ಅವರನ್ನು ಕಂಡೊಡನೆ ಓಡಿಹೋದರು. ತಮ್ಮಲ್ಲಿ ಅತ್ಯುತ್ತಮರಾದವರನ್ನು ಆರಿಸಿ, ಒಳಗೆ ಹುಲ್ಲು ತುಂಬಿ ಮದರಾಸಿನ ಸಂಗ್ರಹಾಲಯದಲ್ಲಿ ನಿಲ್ಲಿಸಲು ಈತ ಬಂದಿದ್ದಾನೆಂಬುದು ಅವರ ಭೀತಿಯಾಗಿತ್ತು. ಹಳೆಯ ಅಪರಾಧವೊಂದಕ್ಕಾಗಿ ಪೊಲೀಸರು ಹುಡುಕುತ್ತಿದ್ದ ನೀಲಗಿರಿಯ ಇರುಳನೊಬ್ಬನು ಎತ್ತರ ಅಳೆಯುವ ಕಂಬವನ್ನು ನೇಣುಗಂಬವೆಂದು ಭಾವಿಸಿ ಅದರಡಿ ನಿಲ್ಲಲು ಒಪ್ಪಲಿಲ್ಲ. ತಮ್ಮ ಭೂಮಿಯನ್ನು ಸರ್ಕಾರಕ್ಕೆ ಸೇರಿಸಿಕೊಂಡು ತಮ್ಮನ್ನು ಅಂಡಮಾನಿಗೆ ಸಾಗಿಸುತ್ತಾರೆಂದು ಶೇರ್ವರಾಯನ ಬೆಟ್ಟಗಳ ಮಲೆಯಾಳಿಗಳು ಶಂಕಿಸಿದರು. ಥರ್ಸ್ಟನ್ ಇವುಗಳನ್ನು ಅಜ್ಞಾನದ ವಿನೋದ ಪ್ರಸಂಗಗಳೆಂಬಂತೆ ನಿರೂಪಿಸುತ್ತಾರೆ. ಇವುಗಳನ್ನು ಬೇರೆ ರೀತಿಯಲ್ಲಿಯೂ ಓದಬಹುದು. ಸಂಗ್ರಹಾಲಯದಲ್ಲಿ ಹುಲ್ಲು ತುಂಬಿದ ಪ್ರಾಣಿಗಳಿದ್ದುದು ನಿಜ. ಕಾಡು ಸರ್ಕಾರದ ವಶವಾಗುತ್ತಿದ್ದುದು ನಿಜ. ಅಪರಾಧಿಗಳ ಗುರುತಿಗೆ ಮಾನವಮಿತಿಯನ್ನು ಬಳಸುವ ಕಲೆಯನ್ನು ಥರ್ಸ್ಟನ್ನರೇ ಮದರಾಸಿನ ಪೊಲೀಸರಿಗೆ ಕಲಿಸುತ್ತಿದ್ದುದೂ ನಿಜ. ಬೆಟ್ಟದ ಜನರ ಭಯವು ವಿವರಗಳಲ್ಲಿ ತಪ್ಪಿದ್ದರೂ ಆಳುವವರ ಸ್ವರೂಪವನ್ನು ಗ್ರಹಿಸುವಲ್ಲಿ ಅಷ್ಟೇನೂ ತಪ್ಪಿರಲಿಲ್ಲ.

ಕನ್ನಡದ ದೃಷ್ಟಿಯಿಂದ ಥರ್ಸ್ಟನ್ನರ ಕಾರ್ಯಕ್ಷೇತ್ರವು ಹೊರಗಿನದಲ್ಲ. ಅಂದಿನ ಮದರಾಸು ಪ್ರಾಂತದಲ್ಲಿ ಬಳ್ಳಾರಿಯೂ ದಕ್ಷಿಣ ಕನ್ನಡವೂ ಸೇರಿದ್ದವು. 1956ರವರೆಗೆ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಮಲೆ ಮಾದೇಶ್ವರನ ಬೆಟ್ಟದ ಆಸುಪಾಸಿನ ಸೋಲಿಗರು ಥರ್ಸ್ಟನ್ನರ ಸಂಪುಟಗಳಲ್ಲಿ ಶೋಲಗರೆಂಬ ಹೆಸರಿನಿಂದ ಕಾಣಿಸಿಕೊಳ್ಳುತ್ತಾರೆ. ಅಲ್ಲಿ ಥರ್ಸ್ಟನ್ ಆಶ್ರಯಿಸುವುದು 1800–01ರಲ್ಲಿ ಈ ಪ್ರದೇಶದಲ್ಲಿ ಸಂಚರಿಸಿದ್ದ ಬುಕಾನನ್ನನ ಬರಹವನ್ನು. ಸೋಲಿಗರ ನುಡಿಯು ಕೆಟ್ಟ ಕನ್ನಡ ಅಥವಾ ಹಳೆಯ ಕನ್ನಡವೆಂಬುದು ಬುಕಾನನ್ನನ ಅಭಿಪ್ರಾಯ. ಈ ಎರಡು ವಿಶೇಷಣಗಳ ನಡುವಿನ ಅಂತರವು ಭಾಷಾವಿದ್ಯಾರ್ಥಿಗೆ ಒಂದು ಇಡೀ ಸಂಶೋಧನೆಯ ವಸ್ತು. ಕೆಟ್ಟದ್ದೋ ಹಳೆಯದ್ದೋ ಎಂಬ ಪ್ರಶ್ನೆಯನ್ನು ಕಿವಿಯಿಂದ ಮಾತ್ರ ಬಿಡಿಸಲು ಸಾಧ್ಯ. ಥರ್ಸ್ಟನ್ ಅದನ್ನು ಬಿಡಿಸದೆಯೇ ಮುಂದೆ ಹೋಗುತ್ತಾರೆ.

ಬಡಗರ ವಿಷಯವಂತೂ ಕನ್ನಡಕ್ಕೆ ಇನ್ನೂ ಹತ್ತಿರದ್ದು. ಬಡಗಣ ದಿಕ್ಕಿನಿಂದ, ಎಂದರೆ ಮೈಸೂರು ಸೀಮೆಯಿಂದ ನೀಲಗಿರಿಗೆ ಏರಿಬಂದವರೆಂಬ ಅರ್ಥವನ್ನು ಅವರ ಹೆಸರೇ ಹೊತ್ತಿದೆ. ಅವರ ನುಡಿಯನ್ನು ಕನ್ನಡದ ಉಪಭಾಷೆಯೆಂದು ಕೆಲವರು, ಕನ್ನಡಕ್ಕೆ ನಿಕಟವಾದ ಸ್ವತಂತ್ರ ಭಾಷೆಯೆಂದು ಇನ್ನು ಕೆಲವರು ಪರಿಗಣಿಸುತ್ತಾರೆ. ಥರ್ಸ್ಟನ್ ಬಡಗರ ಕುಲವಿಭಾಗಗಳನ್ನೂ ಮದುವೆ ಮತ್ತು ಶವಸಂಸ್ಕಾರದ ವಿಧಿಗಳನ್ನೂ ವಿಸ್ತಾರವಾಗಿ ಬರೆದಿದ್ದಾರೆ. ಇಂತಹ ವಿವರಣೆಗಳಲ್ಲಿ ಅವರ ನೋಟವು ಸೂಕ್ಷ್ಮವಾಗಿದೆ. ಅನೇಕ ಆಚರಣೆಗಳಿಗೆ ಆ ಕಾಲದ ಲಿಖಿತ ಸಾಕ್ಷ್ಯವನ್ನು ಹುಡುಕುವವರು ಇಂದಿಗೂ ಅವರ ಪುಟಗಳ ಬಳಿಗೆ ಬರಬೇಕಾಗಿದೆ.

1897ರ ಬುಲೆಟಿನ್ನಿನಲ್ಲಿ ಕುರುಬ ಅಥವಾ ಕುರುಂಬ ಎಂಬ ಒಂದು ಭಾಗವಿದೆ. ಥರ್ಸ್ಟನ್ನರ ವಿಧಾನದ ಶಕ್ತಿ ಮತ್ತು ಸೋಲು ಇಲ್ಲಿ ಸ್ಪಷ್ಟವಾಗುತ್ತವೆ. ಮೈಸೂರು ಬಯಲಿನ ಕುರಿಗಾಹಿ ಕುರುಬರೂ ನೀಲಗಿರಿ ಮತ್ತು ವಯನಾಡಿನ ಕಾಡಿನ ಕುರುಂಬರೂ ಒಂದೇ ಮೂಲದವರೇ ಎಂಬ ವಿವಾದ ಆಗಲೇ ಇತ್ತು. ಥರ್ಸ್ಟನ್ ಅದನ್ನು ತೀರ್ಮಾನಿಸಲು ಎರಡೂ ಕಡೆಯವರನ್ನು ಅಳೆದರು. ಮೂಗಿನ ಅಗಲದಲ್ಲಿ ಎದ್ದು ಕಾಣುವ ವ್ಯತ್ಯಾಸ ಅವರಿಗೆ ದೊರೆಯಿತು. ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಏಕೆಂದರೆ ಕಾಡಿನಲ್ಲಿ ಕುರುಂಬರೆಂಬುದು ಒಂದೇ ಸಮುದಾಯವಲ್ಲ. ಜೇನುಕುರುಬರ ನುಡಿಯು ಕನ್ನಡಕ್ಕೆ ಸಮೀಪವಾದುದು. ನೀಲಗಿರಿಯ ಬೆಟ್ಟಕುರುಂಬರದು ತನ್ನದೇ ವ್ಯಾಕರಣವುಳ್ಳ ಪ್ರತ್ಯೇಕ ದ್ರಾವಿಡ ಭಾಷೆ. ಆಲುಕುರುಂಬರದು ಮತ್ತೊಂದು. ಒಂದೇ ಶೀರ್ಷಿಕೆಯಡಿ ನಿಂತ ಈ ಜನರು ತಮ್ಮ ತಮ್ಮಲ್ಲಿ ಆಡುತ್ತಿದ್ದ ಮಾತನ್ನು ಕೇಳಿದ್ದರೆ ಅಳತೆಪಟ್ಟಿಯನ್ನು ಬಿಚ್ಚುವ ಮೊದಲೇ ಶೀರ್ಷಿಕೆ ಒಡೆಯುತ್ತಿತ್ತು. ಈ ಒಡಕು ಇಂದು ಕೇವಲ ವಿದ್ವತ್ತಿನ ವಿಷಯವಾಗಿ ಉಳಿದಿಲ್ಲ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಜೇನುಕುರುಬ, ಕಾಡುಕುರುಬ ಮತ್ತು ಕೊಡಗು ಜಿಲ್ಲೆಯ ಮಟ್ಟಿಗೆ ಕುರುಬ ಎಂಬ ಹೆಸರುಗಳು ಬೇರೆ ಬೇರೆಯಾಗಿ ನಮೂದಾಗಿವೆ. ಇಡೀ ಕುರುಬ ಸಮುದಾಯವನ್ನು ಪಟ್ಟಿಗೆ ಸೇರಿಸಬೇಕೆಂದು 2021ರಲ್ಲಿ ಕಾಗಿನೆಲೆಯಿಂದ ಬೆಂಗಳೂರಿಗೆ ಪಾದಯಾತ್ರೆ ನಡೆಯಿತು. ನೀಲಗಿರಿಯ ಬಡಗರೂ ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ದೀರ್ಘಕಾಲದಿಂದ ಬೇಡಿಕೆಯಿಟ್ಟಿದ್ದಾರೆ. ಯಾರು ಯಾವ ಹೆಸರಿನಡಿ ಬರುತ್ತಾರೆಂಬ ಇಂತಹ ಚರ್ಚೆಗಳಲ್ಲಿ ನೂರು ವರ್ಷ ಹಳೆಯ ಈ ಸಂಪುಟಗಳಿಗೆ ಇನ್ನೂ ಸಾಕ್ಷಿಯ ಸ್ಥಾನ ಸಲ್ಲುತ್ತಿದೆ.

1901ರಲ್ಲಿ ಇಡೀ ಭಾರತದ ಜನಾಂಗಸಮೀಕ್ಷೆಗೆ ಸರ್ಕಾರದ ಮಂಜೂರಾತಿ ದೊರೆತು, ಮದರಾಸು ಪ್ರಾಂತದ ಹೊಣೆ ಥರ್ಸ್ಟನ್ನರಿಗೆ ಬಂದಿತು. ಸಂಗ್ರಹಾಲಯದ ಕೆಲಸದ ಜೊತೆಗೆ ಇದನ್ನೂ ಅವರು ನಿರ್ವಹಿಸಬೇಕಾಗಿತ್ತು. ಮೊದಲು ಐದು ವರ್ಷಕ್ಕೆ ಗೊತ್ತುಪಡಿಸಿದ ಅವಧಿಯು ಬಳಿಕ ಎಂಟು ವರ್ಷಕ್ಕೆ ವಿಸ್ತರಿಸಿತು. ಪ್ರಾಂತವೊಂದಕ್ಕೆ ವರ್ಷಕ್ಕೆ ಗೊತ್ತಾದ ಹಣ 5,000 ರೂಪಾಯಿ. ಅದರಲ್ಲಿ 2,000 ರೂಪಾಯಿ ಪ್ರಶ್ನಾವಳಿಗೆ ಉತ್ತರ ಮತ್ತು ಟಿಪ್ಪಣಿಗಳನ್ನು ಬರೆದುಕೊಡುವವರಿಗೆ ಮೀಸಲು. ಹೀಗೆ ಬಂದ ಉತ್ತರಗಳು ಎಷ್ಟೋ ವೇಳೆ ನಂಬಲರ್ಹವಾಗಿರಲಿಲ್ಲವೆಂದು ಥರ್ಸ್ಟನ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಕಟ್ಟಿಗೆ ಉಜ್ಜಿ ಬೆಂಕಿ ಹೊತ್ತಿಸುವ ವಿಧಾನವನ್ನು ಕುರಿತು ಬಂದ, ತಲೆಬುಡವಿಲ್ಲದ ವಿವರಣೆಯೊಂದನ್ನು ಅವರು ಮಾದರಿಯಾಗಿ ಮುನ್ನುಡಿಯಲ್ಲಿ ಮುದ್ರಿಸಿಯೂ ಇದ್ದಾರೆ. ಅವರ ಸಂಪುಟಗಳನ್ನು ಉಲ್ಲೇಖಿಸುವ ಸಂಶೋಧಕರು ಈ ಒಪ್ಪಿಗೆಯನ್ನೂ ಓದಿಕೊಳ್ಳುವುದು ಒಳ್ಳೆಯದು.

ಸಮೀಕ್ಷೆಯೂ ಸಂಗ್ರಹಾಲಯವೂ ಒಂದಕ್ಕೊಂದು ಹೊಂದಿಕೊಂಡವೆಂದು ಥರ್ಸ್ಟನ್ ಸಂತೋಷಪಟ್ಟಿದ್ದರು. ಬೆಟ್ಟ ಹತ್ತಿ ಪ್ರಶ್ನೆ ಕೇಳುವ ಪ್ರವಾಸದಲ್ಲಿಯೇ ವಸ್ತುಗಳೂ ಇಳಿದುಬರುತ್ತಿದ್ದವು. ನೀಲಗಿರಿಯ ಮೊದಲ ಕಮಿಷನರ್ ಬ್ರೀಕ್ಸ್ ಅವರು ಕಲ್ಗುಪ್ಪೆಗಳನ್ನು ಅಗೆದು ತೆಗೆದಿದ್ದ ಪ್ರಾಚೀನ ವಸ್ತುಗಳು ಮದರಾಸಿನ ಸಂಗ್ರಹದಲ್ಲಿದ್ದವು. ಗಂಜಾಂ ಬೆಟ್ಟಗಳ ಕೊಂಡ ಜನರ ನರಬಲಿಗೆ ಬಳಕೆಯಾಗುತ್ತಿದ್ದ ಆನೆಯ ಆಕಾರದ ಮರದ ಕಂಬವೂ ಅಲ್ಲಿಗೆ ಬಂದು ಸೇರಿತು. ಬಲಿಯನ್ನು ಸರ್ಕಾರ ನಿಲ್ಲಿಸಿದ ಮೇಲೆ ಕಂಬವು ನೋಟದ ವಸ್ತುವಾಯಿತು. ಬೆಟ್ಟದಲ್ಲಿ ದೇವರಿಗೆ ಸಂಬಂಧಿಸಿದ್ದುದು ಗಾಜಿನ ಹಿಂದೆ ಚೀಟಿಗೆ ಸಂಬಂಧಿಸಿದ್ದಾಗುವುದೇ ಸಂಗ್ರಹಾಲಯದ ಧರ್ಮ. ಕಾಸ್ಟ್ಸ್ ಅಂಡ್ ಟ್ರೈಬ್ಸ್ ಕೃತಿಯೂ ಇದೇ ಧರ್ಮವನ್ನು ಪಾಲಿಸುತ್ತದೆ. ಸುಮಾರು ಮುನ್ನೂರಕ್ಕೂ ಹೆಚ್ಚು ಸಮುದಾಯಗಳು ಅದರಲ್ಲಿ ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿ ಒಂದರ ಪಕ್ಕ ಒಂದು ನಿಂತಿವೆ. ನೆರೆಹೊರೆಯಲ್ಲಿ ಬಾಳಿ, ಮಡಕೆ, ಕಬ್ಬಿಣ, ಧಾನ್ಯ, ಹಾಲುಗಳನ್ನು ಪರಸ್ಪರ ಹಂಚಿಕೊಂಡ ತೊದವರು, ಕೋತರು, ಬಡಗರು ಮತ್ತು ಕುರುಂಬರು ಪುಸ್ತಕದಲ್ಲಿ ಬೇರೆ ಬೇರೆ ಸಂಪುಟಗಳಿಗೆ ಚದುರಿಹೋಗಿದ್ದಾರೆ. ನಾಲ್ಕು ಬಗೆಯ ಜನ ಕೂಡಿ ಕಟ್ಟಿದ್ದ ಬೆಟ್ಟದ ಬದುಕು ಅಲ್ಲಿ ಕಾಣುವುದಿಲ್ಲ.

ಈ ಮಹಾಕಾರ್ಯದಲ್ಲಿ ಕೆ. ರಂಗಾಚಾರಿ ಅವರ ಪಾತ್ರ ದೊಡ್ಡದು. ಥರ್ಸ್ಟನ್ನರಿಗೆ ಆಚಾರವಿಚಾರಗಳ ಮಾಹಿತಿಯನ್ನು ಕಲೆಹಾಕಿ ಕೊಟ್ಟವರು, ದುಭಾಷಿಯಾಗಿ ನಿಂತವರು, ಛಾಯಾಚಿತ್ರಗಳನ್ನು ತೆಗೆದವರು ಅವರೇ. ಥರ್ಸ್ಟನ್ ಯೂರೋಪಿಗೆ ಹೋದಾಗ ಸಮೀಕ್ಷೆಯ ಉಸ್ತುವಾರಿಯನ್ನೂ ಅವರೇ ನೋಡಿಕೊಂಡರು. ಶೀರ್ಷಿಕೆಪುಟದಲ್ಲಿ ಸಹಾಯಕರೆಂದು ಅವರ ಹೆಸರಿದೆ. ದುಭಾಷಿಯಿಲ್ಲದೆ ಜನರೊಡನೆ ಮಾತನಾಡಲಾಗದ ಗ್ರಂಥಕರ್ತರ ಕೃತಿಯಲ್ಲಿ ಸಹಾಯಕತ್ವದ ಗಡಿ ಎಲ್ಲಿ ಮುಗಿಯುತ್ತದೆಂಬುದು ವಿಚಾರಾರ್ಹ.

ಇದೇ ಸಮೀಕ್ಷೆಯನ್ನು ಮೈಸೂರು ಸಂಸ್ಥಾನದಲ್ಲಿ ನಡೆಸಿದವರು ಎಚ್.ವಿ. ನಂಜುಂಡಯ್ಯನವರು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾದ, ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳಾದ ನಂಜುಂಡಯ್ಯನವರಿಗೆ ದುಭಾಷಿಯ ಅಗತ್ಯವಿರಲಿಲ್ಲ. ಬೆಂಗಳೂರಿನ ದಕ್ಷಿಣಕ್ಕೆ ಹುಳಿಮಾವಿನಿಂದಾಚೆ ಬನ್ನೇರುಘಟ್ಟದಲ್ಲಿ ಮೊದಲಾಗಿ ಕನಕಪುರದ ಕಡೆಗೆ ಹಬ್ಬುವ ಕಾಡುಬೆಟ್ಟಗಳ ಸೀಮೆಯ ಇರುಳಿಗರು, ಹೆಗ್ಗಡದೇವನಕೋಟೆಯ ಕಾಡುಕುರುಬರು ಈ ಸಮೀಕ್ಷೆಯ ವ್ಯಾಪ್ತಿಗೆ ಸೇರಿದರು. 1920ರಲ್ಲಿ ನಂಜುಂಡಯ್ಯನವರು ತೀರಿಕೊಂಡ ಮೇಲೆ ಆ ಸಾಮಗ್ರಿಯನ್ನು ವಿಸ್ತರಿಸಿ, 1928ರಿಂದ ಸಂಪುಟಗಳಾಗಿ ಹೊರತಂದವರು ಎಲ್.ಕೆ. ಅನಂತಕೃಷ್ಣ ಅಯ್ಯರ್. ಅವರೂ ಹಿಂದೆ ತ್ರಿಶ್ಶೂರಿನ ಸಂಗ್ರಹಾಲಯವನ್ನು ನೋಡಿಕೊಂಡಿದ್ದವರೇ. ಕನ್ನಡದಲ್ಲಿ ಅರ್ಥಶಾಸ್ತ್ರವನ್ನೂ ಕಾನೂನನ್ನೂ ಬರೆಯಲು ಹೊರಟ ನಂಜುಂಡಯ್ಯನವರು ಕನ್ನಡನಾಡಿನ ಜನಸಮುದಾಯಗಳನ್ನು ಮಾತ್ರ ಇಂಗ್ಲಿಷಿನಲ್ಲಿಯೇ ಬರೆದರು. ಮಾದರಿಯು ಕಲ್ಕತ್ತ, ಮದರಾಸುಗಳಿಂದ ಬಂದಿತ್ತು. ಮಾದರಿಯೊಡನೆ ಭಾಷೆಯೂ ಬಂದಿತು.

ಥರ್ಸ್ಟನ್ನರ ಕೆಲಸದಲ್ಲಿ ಹೆಚ್ಚು ಚರ್ಚೆಗೆ ಬಾರದ ಒಂದು ಅಂಶವಿದೆ. ತಮ್ಮ ಪರಿಶ್ರಮದ ಫಲಗಳನ್ನು ಮುನ್ನುಡಿಯಲ್ಲಿ ಎಣಿಸುವಾಗ ಪ್ರವಾಸಗಳು, ಬುಲೆಟಿನ್ನುಗಳು, ಪ್ರಯೋಗಾಲಯ, ಛಾಯಾಚಿತ್ರಗಳು, ಲಾಂದ್ರದ ಚಿತ್ರಫಲಕಗಳು ಇವೆಲ್ಲದರ ಕೊನೆಗೆ ಅವರು ಬುಡಕಟ್ಟುಗಳ ಹಾಡು ಮತ್ತು ವಾದ್ಯಸಂಗೀತದ ಫೋನೋಗ್ರಾಫ್ ಮುದ್ರಿಕೆಗಳ ಸಂಗ್ರಹವೊಂದನ್ನು ಹೆಸರಿಸುತ್ತಾರೆ. ಈ ಮುದ್ರಣಗಳಲ್ಲಿಯೂ ರಂಗಾಚಾರಿಯವರ ಕೈಯಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕ ಮುಗಿಯುವ ಮುನ್ನವೇ ದಕ್ಷಿಣದ ಬುಡಕಟ್ಟುಗಳ ದನಿ ಯಂತ್ರದಲ್ಲಿ ಸೆರೆಯಾಗಿತ್ತೆಂಬುದು ಜಾನಪದ ಅಧ್ಯಯನದ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ. ಆದರೆ ಅಚ್ಚಾಗಿ ಹರಡಿದ್ದು ಅಂಕಿಗಳು. ಮೂಗಿನ ಸರಾಸರಿ, ಗರಿಷ್ಠ, ಕನಿಷ್ಠಗಳು ಸಂಪುಟಗಳ ಕೋಷ್ಟಕಗಳಲ್ಲಿ ಭದ್ರವಾಗಿ ಕುಳಿತವು. ಹಾಡಿದವರ ಮಾತು ಪುಸ್ತಕಕ್ಕೆ ಬಂದಲ್ಲಿಯೂ ಬಹುಪಾಲು ಇಂಗ್ಲಿಷ್ ಅನುವಾದವಾಗಿಯೇ ಬಂದಿತು. ಅಳೆಯಿಸಿಕೊಂಡ ವ್ಯಕ್ತಿಗೆ ಕೋಷ್ಟಕದಲ್ಲಿ ಹೆಸರಿಲ್ಲ. ಆತನ ಎತ್ತರ ಎಷ್ಟು ಸೆಂಟಿಮೀಟರ್ ಎಂಬುದು ಮಾತ್ರ ಉಳಿದಿದೆ. ದ್ರಾವಿಡ ಭಾಷಾಧ್ಯಯನದ ನೆಲೆಯಿಂದ ನೋಡಿದರೆ ಇದು ಥರ್ಸ್ಟನ್ನರ ಬದುಕಿನ ಅತಿದೊಡ್ಡ ನಷ್ಟ. ದನಿಯನ್ನು ಹಿಡಿಯುವ ಯಂತ್ರ ಅವರ ಕೈಯಲ್ಲಿತ್ತು. ನಂಬಿಕೆಯಿದ್ದುದು ಅಳತೆಗೋಲಿನ ಮೇಲೆ.

ಹೋಲಿಕೆಗೆ ಅದೇ ಕಾಲದ ಇನ್ನೊಬ್ಬರಿದ್ದಾರೆ. 1901–02ರಲ್ಲಿ ನೀಲಗಿರಿಗೆ ಬಂದ ಡಬ್ಲ್ಯು.ಎಚ್.ಆರ್. ರಿವರ್ಸ್ ಅವರೂ ವೈದ್ಯರೇ. ಅವರು ತೊದವರ ಒಂದೇ ಸಮುದಾಯದ ನಡುವೆ ತಿಂಗಳುಗಟ್ಟಲೆ ನಿಂತು, ಮನೆಮನೆಯ ವಂಶಾವಳಿಗಳನ್ನು ಹೆಸರುಹೆಸರಾಗಿ ಬರೆದುಕೊಂಡು 1906ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಅವರಿಗೂ ದುಭಾಷಿ ಬೇಕಾಗಿತ್ತು. ಆದರೂ ಅವರ ಪುಸ್ತಕದ ತೊದವರಿಗೆ ಹೆಸರಿದೆ, ನೆಂಟಸ್ತಿಕೆಯಿದೆ. ಥರ್ಸ್ಟನ್ ಮೂರು ವರ್ಷಗಳ ನಂತರ ತಮ್ಮ ಸಂಪುಟದಲ್ಲಿ ರಿವರ್ಸರ ಶೋಧಗಳನ್ನು ಗೌರವದಿಂದಲೇ ಬಳಸಿಕೊಂಡರು.

ಕಾಸ್ಟ್ಸ್ ಅಂಡ್ ಟ್ರೈಬ್ಸ್ ಕೃತಿಯ ನಂತರ ಥರ್ಸ್ಟನ್ ಭಾರತದಲ್ಲಿ ಉಳಿಯಲಿಲ್ಲ. 1912ರಲ್ಲಿ ದಕ್ಷಿಣ ಭಾರತದ ಶಕುನ ಮತ್ತು ನಂಬಿಕೆಗಳನ್ನು ಕುರಿತೂ 1913ರಲ್ಲಿ ಮದರಾಸು ಪ್ರಾಂತ, ಮೈಸೂರು ಮತ್ತು ಕೊಡಗುಗಳನ್ನು ಕುರಿತೂ ಅವರ ಪುಸ್ತಕಗಳು ಬಂದವು. ಇವು ಹಳೆಯ ಸಾಮಗ್ರಿಯ ಮುಂದುವರಿಕೆಗಳು. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಸೀಮೆಯಲ್ಲಿ ನೆಲೆಸಿದ ಅವರು ಕೊನೆಯ ವರ್ಷಗಳಲ್ಲಿ ಸಸ್ಯಗಳ ಕಡೆಗೆ ತಿರುಗಿದರು. ಆ ಪ್ರದೇಶದ ಸಸ್ಯಸಂಪತ್ತನ್ನು ಕುರಿತ ಪ್ರಮಾಣಗ್ರಂಥವೊಂದಕ್ಕೆ 1922ರಲ್ಲಿ ಇನ್ನೊಬ್ಬರೊಡನೆ ಸೇರಿ ಪುರವಣಿಯನ್ನು ಸಿದ್ಧಪಡಿಸಿದರು. 1930ರಲ್ಲಿ ಅಲ್ಲಿನ ಮರಗಿಡಗಳ ಬಗ್ಗೆ ಇನ್ನೊಂದು ಪುಸ್ತಕ ಬರೆದರು. ಕಡಲಜೀವಿ, ನಾಣ್ಯ, ಮನುಷ್ಯ, ಮರ ಎಲ್ಲಕ್ಕೂ ಅವರು ಬಳಸಿದ ಕ್ರಮ ಒಂದೇ: ಸಂಗ್ರಹಿಸುವುದು, ಹೆಸರಿಡುವುದು, ಸಾಲಿನಲ್ಲಿ ನಿಲ್ಲಿಸುವುದು. ಮರಗಳ ವಿಷಯದಲ್ಲಿ ಈ ಕ್ರಮಕ್ಕೆ ಯಾರ ಆಕ್ಷೇಪವೂ ಇರಲಾರದು.

1935ರ ಅಕ್ಟೋಬರ್ 12ರಂದು ಪೆನ್‌ಜಾನ್ಸ್ ಪಟ್ಟಣದಲ್ಲಿ ಥರ್ಸ್ಟನ್ ನಿಧನರಾದರು. ಅದೇ 1935ರಲ್ಲಿ ಮರ್ರೆ ಬಿ. ಎಮೆನೋ ಎಂಬ ತರುಣ ಭಾಷಾವಿಜ್ಞಾನಿ ಭಾರತಕ್ಕೆ ಬಂದು, 1938ರವರೆಗೆ ಇಲ್ಲಿದ್ದು, ನೀಲಗಿರಿಯ ತೊದ, ಕೋತ, ಬಡಗ ನುಡಿಗಳನ್ನೂ ಕೊಡವ ನುಡಿಯನ್ನೂ ಆಡುವವರ ಬಾಯಿಂದ ಕೇಳಿ ಬರೆದುಕೊಂಡರು. ಕೋತರ ಕಥನಗಳು 1944–46ರಲ್ಲಿ ನಾಲ್ಕು ಭಾಗಗಳಾಗಿಯೂ ತೊದವರ ಹಾಡುಗಳು 1971ರಲ್ಲಿಯೂ ಆಯಾ ಭಾಷೆಯ ಮೂಲಪಾಠದೊಡನೆ ಅಚ್ಚಾದವು. ಥಾಮಸ್ ಬರೋ ಅವರೊಡನೆ ಎಮೆನೋ ಸಂಪಾದಿಸಿ 1961ರಲ್ಲಿ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿ ಕೋಶದಲ್ಲಿ ಕನ್ನಡ, ತಮಿಳುಗಳ ಸಾಲಿನಲ್ಲಿಯೇ ಕೋತ, ತೊದ ಪದಗಳು ಬಂದು ಕುಳಿತವು. ಉದಕಮಂಡಲದ ಬಳಿಯ ಮುತ್ತೋರೈ ಪಾಲಡದಲ್ಲಿ ಬುಡಕಟ್ಟು ಸಂಶೋಧನ ಕೇಂದ್ರವೂ ಅದರ ವಸ್ತುಸಂಗ್ರಹಾಲಯವೂ ಬಂದದ್ದು ಇನ್ನೂ ಆಮೇಲೆ. ಎಮೆನೋ ಬರೆದುಕೊಂಡ ಕೋತ ಕಥನಗಳನ್ನು ಹೇಳಿದವರಲ್ಲಿ ಪ್ರಮುಖರು ಕೋತ ಸಮುದಾಯದ ಸುಲ್ಲಿ. ಅವರ ಹೆಸರು ದಾಖಲೆಯಲ್ಲಿದೆ.